ಭಟ್ಟಿಯವ್ವನ ಬಡಿಮಣೆ

ಮೊನ್ನೆ ಅಟ್ಟದ ಮೇಲಿನ ಹಳೆಯ ಸಾಮಾನು ಇಳಿಸುವಾಗ ಒಂದು ಬಡಿಮಣೆ ಕೈಗೆ ಸಿಕ್ಕಿತು. ಹಳೆಯ ಮನೆಗಳ ಮಾಳಿಗೆಯನ್ನು, ಅಂದರೆ ಮಣ್ಣಿನ ಚಾವಣಿಯನ್ನು, ಬಡಿದು ಗಟ್ಟಿ ಮಾಡುವ, ಹಿಡಿಯುಳ್ಳ ಮರದ ಹಲಗೆ ಅದು. ಈಗಿನವರಿಗೆ ಅದರ ಗುರುತೇ ಇಲ್ಲ. ತಾರಸಿಯ ಬಿರುಕಿಗೆ ಡಾಂಬರು ಹಚ್ಚಲು ಬಂದಿದ್ದ ಕೆಲಸಗಾರ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನ್ರಿ ಅಜ್ಜಾರ, ಅರಿವಿ ಒಗಿಯೋದೇನ್ರಿ?" ಎಂದ. ಅವನ ಕೈಯಿಂದ ಕಸಿದುಕೊಂಡೆ. ಹಲಗೆಯ ಸೀಳಿನಲ್ಲಿ ಬೂದು ಬಣ್ಣದ ಮಣ್ಣು ಇನ್ನೂ ಕಚ್ಚಿಕೊಂಡಿತ್ತು. ಒದ್ದೆ ಬೆರಳಿನಿಂದ ಕೆರೆದು ಮೂಗಿಗೆ ಹಿಡಿದೆ. ಸವುಳು ಮಣ್ಣಿನ ಉಪ್ಪುಪ್ಪು ವಾಸನೆ... ಐವತ್ತು ವರ್ಷವಾದರೂ ಹೋಗಿರಲಿಲ್ಲ.

ಆ ಮಣೆ ನನ್ನದಲ್ಲ, ಪಕ್ಕದ ಮನೆಯ ಭಟ್ಟಿಯವ್ವನದು. ಕೊಪ್ಪಳದ ನಮ್ಮ ಓಣಿಯಲ್ಲಿ ಆಕೆ ಮಂಡಾಳು, ಅಂದರೆ ಮಂಡಕ್ಕಿ, ಹುರಿಯುವ ಭಟ್ಟಿ ಇಟ್ಟಿದ್ದಳು. ಗಂಗಾವತಿ ಕಡೆಯ ಭತ್ತವನ್ನು ಕುದಿಸಿ, ಒಣಗಿಸಿ, ಕುಟ್ಟಿಸಿ, ಉಪ್ಪುನೀರು ಹಚ್ಚಿ, ಕಾದ ಉಸುಕಿನಲ್ಲಿ ಅರಳಿಸಿ ಚೀಲ ತುಂಬಿಡುತ್ತಿದ್ದಳು. ನಲವತ್ತು ದಾಟಿದ ಗಟ್ಟಿ ಹೆಂಗಸು. ಭಟ್ಟಿಯೇ ಆಕೆಯ ಅನ್ನ. ಆಕೆಯ ನಿಜವಾದ ಹೆಸರನ್ನು ಓಣಿಯಲ್ಲಿ ಯಾರೂ ಕರೆದದ್ದು ನಾನು ಕೇಳಿಲ್ಲ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ನಾನು ಕಚೇರಿಯಲ್ಲಿ ಗುಮಾಸ್ತ. ಹುಟ್ಟಿದಾಗಿನಿಂದ ಬಾಡಿಗೆ ಮನೆಯಲ್ಲೇ ಇದ್ದವನು ಮೊದಲ ಸಲ ಸ್ವಂತದ್ದೆಂದು ಒಂದು ಹಳೆಯ ಮನೆ ಕೊಂಡಿದ್ದೆ. ಹೆಂಡತಿ ಹೆರಿಗೆಗೆ ಯಲಬುರ್ಗಾದ ತವರಿಗೆ ಹೋಗಿದ್ದಳು. ಮಾವನವರು ಹೇಳಿ ಕಳಿಸಿದ್ದರು: ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ ಮಗಳನ್ನೂ ಕೂಸನ್ನೂ ತಾವೇ ಗಾಡಿಯಲ್ಲಿ ಕರೆತರುತ್ತಾರೆ, ಮಾಳಿಗೆ ಸೋರುವುದು ಕಂಡರೆ ಅದೇ ಗಾಡಿಯಲ್ಲಿ ವಾಪಸ್ ಒಯ್ಯುತ್ತಾರೆ. ಆ ಮನುಷ್ಯ ಹೇಳಿದರೆ ಹೇಳಿದ್ದೇ. ನಾನೋ ಆ ಕೂಸಿನ, ನನ್ನ ಮಗಳ ಮುಖವನ್ನು ಒಂದೇ ಒಂದು ಸಲ ನೋಡಿದ್ದೆ.

ಮನೆಯ ಮರಾಮತ್ತಿಗೆ ಆಳು ಕರೆಯೋಣವೆಂದರೆ ಊರಲ್ಲಿ ಆಳುಗಳೇ ಇಲ್ಲ. ಹುಲಿಗಿಯ ಹತ್ತಿರ ಹೊಳೆಗೆ ಅಡ್ಡಕಟ್ಟೆ ಕಟ್ಟುವ ಕೆಲಸ ಶುರುವಾಗಿ ಗೌಂಡಿಗಳು, ಬಡಿಗರು, ಮಣ್ಣು ಹೊರುವವರು ಎಲ್ಲರೂ ಅತ್ತ ಹೋಗಿದ್ದರು. ಇದೇನು ಮಹಾ ವಿದ್ಯೆ, ನಾನೇ ಮಾಡುತ್ತೇನೆ ಎಂದು ಧೋತರ ಎತ್ತಿ ಕಟ್ಟಿದೆ. ನನ್ನ ಗ್ರಹಚಾರ.

ಮೊದಲ ದಿನ ಹಿತ್ತಲ ಬಾಗಿಲು. ತಳ ನೆಲಕ್ಕೆ ಉಜ್ಜುತ್ತಿತ್ತೆಂದು ನಿಂತಲ್ಲೇ ಗರಗಸ ಹಚ್ಚಿದೆ. ಭಟ್ಟಿಯವ್ವ ತನ್ನ ಹಿತ್ತಲಲ್ಲಿ ಮೊರ ಹಿಡಿದು ಮಂಡಾಳು ಕೇರುತ್ತಿದ್ದಳು. ಕೈಗೂ ಬಿಡುವಿಲ್ಲ, ಬಾಯಿಗೂ ಬಿಡುವಿಲ್ಲ. "ಸಾಹೇಬ್ರ, ಗರಗಸ ಹಂಗ ಹಿಡೀಬಾರ್ದರಿ. ಸಾಹೇಬ್ರ, ಬಾಗಿಲಾ ಇಳಿಸಿ ಕೊಯ್ರಿ. ಸಾಹೇಬ್ರ, ಮೊದ್ಲ ಗೆರಿ ಹಾಕ್ಕೋರಿ." ಕೊಯ್ದು ನೋಡಿದರೆ ಬಾಗಿಲ ಕೆಳಗೆ ನಾಯಿ ನುಸುಳುವಷ್ಟು ಸಂದು ಬಿದ್ದಿತ್ತು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. "ನೋಡ್ರಿ ಅವ್ವಾರ, ನಾನು ನಾಕಕ್ಷರ ಓದಿದಾಂವ ಅದೀನಿ. ಕೇಳಿದಾಗ ಹೇಳ್ರಿ. ಕೇಳೂ ತನಕ ನಂಗೇನೂ ಹೇಳಬ್ಯಾಡ್ರಿ" ಎಂದೆ.

ಆಕೆ ಮೊರ ನಿಲ್ಲಿಸಿ ನನ್ನನ್ನು ನೋಡಿದಳು. ಮುಖದಲ್ಲಿ ಕೋಪವೇನೂ ಇರಲಿಲ್ಲ. "ಆತು ತಗೋರಿ. ಕೇಳೂ ತನಕ ಹೇಳಂಗಿಲ್ಲ" ಎಂದಳು. ಅಷ್ಟೇ. ಮತ್ತೆ ಕೇರತೊಡಗಿದಳು.

ಆ ಒಂದು ಮಾತು ಆಡಿ ಕೆಟ್ಟೆ. ನಾನು ಸಿಟ್ಟಿನಲ್ಲಿ ಅಂದದ್ದನ್ನು ಆಕೆ ಕರಾರುಪತ್ರದಂತೆ ಪಾಲಿಸಿದಳು. ಎರಡು ದಿನ ಬಿಟ್ಟು, ದೀಪ ಇಡಲು ಗೋಡೆಯಲ್ಲಿ ಒಂದು ಗೂಡು ಕೊರೆಯಲು ಕೂತೆ. ಎರಡೂ ಮನೆಗಳಿಗೆ ನಡುವೆ ಒಂದೇ ಗೋಡೆ. ಕೊರೆದೆ, ಕೊರೆದೆ... ಧಸಕ್ಕನೆ ಉಳಿ ಆಚೆ ಹೋಯಿತು. ಅಂಗೈಯಗಲದ ತೂತು. ತೂತಿನ ಆಚೆ ಕಾದ ಬಾಣಲೆಯ ಮುಂದೆ ಭಟ್ಟಿಯವ್ವ ಕೂತಿದ್ದಳು, ತಲೆಯ ಮೇಲೆಲ್ಲ ನನ್ನ ಗೋಡೆಯ ಮಣ್ಣು.

"ಗ್ವಾಡಿ ತೆಳ್ಳಗೈತಿ ಅಂತ ಒಂದ್ಮಾತು ಹೇಳಬಾರದಿತ್ತೇನ್ರಿ?" ಎಂದು ನಾನೇ ರೇಗಿದೆ. ತಪ್ಪು ಮಾಡಿದವನು ನಾನು, ರೇಗಿದವನೂ ನಾನೇ.

"ನೀವು ಕೇಳಲಿಲ್ಲಲ್ರಿ" ಎಂದು ತಲೆ ಕೊಡವಿಕೊಂಡು, ಒಂದು ಹಿಡಿ ಬಿಸಿ ಮಂಡಾಳನ್ನು ಆ ತೂತಿನಿಂದಲೇ ಈಚೆ ಚಾಚಿದಳು. ತಲೆ ಕೆಟ್ಟು ಹೋಗಿತ್ತು ನನಗೆ. ಆದರೂ ತಿಂದೆ. ಸಂಜೆ ಆ ತೂತಿಗೆ ಮಣ್ಣು ಮೆತ್ತಿ ಮುಚ್ಚಿದೆ.

ಇಷ್ಟಕ್ಕೇ ಮುಗಿದಿದ್ದರೆ ನಗಬಹುದಿತ್ತು. ಉಳಿದದ್ದು ಮಾಳಿಗೆ. ಹಳೆಯ ಮಣ್ಣು ತೆಳುವಾಗಿದೆ, ಮಳೆಗಾಲದ ಮೊದಲು ಹೊಸ ಮಣ್ಣು ಹಾಕಬೇಕು ಎಂಬುದು ನನಗೂ ಗೊತ್ತಿತ್ತು. ಯಾವ ಮಣ್ಣು ಎಂಬುದು ಗೊತ್ತಿರಲಿಲ್ಲ. ನಾನೇ ಕೂತು ಲೆಕ್ಕ ಹಾಕಿದೆ. ಹೊಲದ ಕರಿ ಎರೆಮಣ್ಣು ಮಳೆಯಲ್ಲಿ ಕಾಲಿಗೆ ಹತ್ತಿದರೆ ಬಿಡುವುದಿಲ್ಲ, ಅಷ್ಟು ಅಂಟಿರುವ ಮಣ್ಣು ನೀರನ್ನು ಹೇಗೆ ಕೆಳಗೆ ಬಿಟ್ಟೀತು? ಇಂಥ ಬುದ್ಧಿ ಊರಲ್ಲಿ ಇನ್ಯಾರಿಗೂ ಯಾಕೆ ಹೊಳೆದಿಲ್ಲವೋ ಎಂದು ಹೆಮ್ಮೆ ಬೇರೆ. ಎರಡು ಗಾಡಿ ಎರೆಮಣ್ಣು ತರಿಸಿ, ಎಂಟು ದಿನ ಕಚೇರಿಯಿಂದ ಬಂದು ಬುಟ್ಟಿ ಹೊತ್ತೆ. ಏಣಿ ಹತ್ತಿ ಇಳಿಯುವಾಗೆಲ್ಲ ಭಟ್ಟಿಯವ್ವ ಕಾಣುತ್ತಿದ್ದಳು. ತುಟಿ ಬಿಗಿಹಿಡಿದು ಮೊರ ಆಡಿಸುತ್ತಿದ್ದಳು. ಒಂದು ಸಂಜೆಯಂತೂ ಮೊರ ಇಟ್ಟು, ಏಣಿಯ ಬುಡದವರೆಗೆ ಬಂದು ನಿಂತಳು. ಕೇಳಲಿ ಎಂದೇ ನಿಂತಿದ್ದಳು. ಅದು ನನಗೆ ತಿಳಿಯಲಿಲ್ಲ ಅಂತಲ್ಲ, ತಿಳಿಯಿತು. ಕೇಳಲಿಲ್ಲ.

ಮಾವನವರು ಬರಲು ನಾಲ್ಕು ದಿನವಿತ್ತು. ಶುಕ್ರವಾರ, ಕಚೇರಿಗೆ ರಜೆ. ಮಧ್ಯಾಹ್ನ ರೋಹಿಣಿ ಮಳೆ ಒಂದು ತಾಸು ಹೊಡೆಯಿತು. ಬಿಸಿಲಿಗೆ ಬಿದ್ದ ಎರೆಮಣ್ಣು ಅಷ್ಟರಲ್ಲಿ ಬೆರಳು ತೂರುವಷ್ಟು ಬಿರಿದಿತ್ತು, ಆ ಬಿರುಕುಗಳಿಂದ ನೀರು ಧಾರಾಳವಾಗಿ ಇಳಿಯಿತು. ಉಳಿದ ಮಣ್ಣು ನೀರು ಕುಡಿದು ಉಬ್ಬಿ ಭಾರವಾಗಿ ನಡುಮನೆಯ ತೊಲೆ ಕಿರ್ ಎಂದಿತು. ಮಗಳಿಗೆಂದು ಎರಡು ದಿನ ಒದ್ದಾಡಿ ಕಟ್ಟಿದ್ದ ತೊಟ್ಟಿಲಿನೊಳಗೆ ತೊಟ್ಟು ತೊಟ್ಟಾಗಿ ಕಪ್ಪು ರಾಡಿ ಬೀಳುತ್ತಿತ್ತು. ಅದನ್ನು ನೋಡಿ ಅಳು ಬಂತು. ನಿಜವಾಗಿ ಅತ್ತೆ.

ಮಳೆ ನಿಂತ ಕೂಡಲೆ ಆಕೆಯ ಬಾಗಿಲಿಗೆ ಹೋದೆ. "ಅವ್ವಾರ, ಕೇಳತೀನ್ರಿ. ಏನು ಮಾಡ್ಲಿ ಹೇಳ್ರಿ" ಎಂದೆ.

"ಕೇಳಿದ್ರಲ್ಲ, ಬರ್ರಿ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದಳು. ಮೇಲೆ ಕಾಲು ಹೂತುಕೊಂಡು ನಿಂತು ಸುತ್ತ ನೋಡಿದಳು. "ಮಣ್ಣು ಭಾಳ ಛಲೋ ಐತ್ರಿ ಸಾಹೇಬ್ರ. ಹತ್ತಿ ಬಿತ್ರಿ, ಬೆಳೀತೈತಿ." ಅಷ್ಟು ದಿನ ತಡೆದಿಟ್ಟುಕೊಂಡದ್ದನ್ನೆಲ್ಲ ಅಂದೇ ಅಂದಳು. ಮಾಳಿಗೆಗೆ ಹಳ್ಳದ ದಂಡೆಯ ಸವುಳು ಮಣ್ಣೇ ಆಗಬೇಕು, ಅದು ಬಿರಿಯುವುದಿಲ್ಲ, ಹುಲ್ಲು ಹುಟ್ಟುವುದಿಲ್ಲ, ಬಡಿದಷ್ಟೂ ಗಟ್ಟಿಯಾಗಿ ನೀರನ್ನು ಜಾರಿಸಿಬಿಡುತ್ತದೆ. ಇಷ್ಟು ಮಾತು ಆ ಸಂಜೆ ಏಣಿಯ ಬುಡದಲ್ಲೇ ಸಿಗುತ್ತಿತ್ತು.

ಆದರೆ ಮಳೆಗೆ ಹಳ್ಳ ತುಂಬಿತ್ತು, ಸವುಳು ತರುವುದೆಲ್ಲಿಂದ? ಆಕೆಯ ಹಿತ್ತಲಲ್ಲಿ ಚಾಪೆ ಮುಚ್ಚಿದ ಗುಡ್ಡೆಯೊಂದಿತ್ತು, ಬೇಸಿಗೆಯಲ್ಲೇ ತರಿಸಿಟ್ಟದ್ದು. ಅದನ್ನೇ ಬುಟ್ಟಿಗೆ ತುಂಬತೊಡಗಿದಳು.

"ಇದು ನಿಮ್ಮ ಮಾಳಿಗಿಗೆ ತಂದಿದ್ದಲ್ಲೇನ್ರಿ?"

"ನಂದು ಹ್ವಾದ ವರ್ಸದ್ದ ಗಟ್ಟಿ ಐತಿ. ನೀವು ತುಂಬ್ರಿ."

ನಾನು ಎರಡನೇ ಸಲ ಕೇಳಲಿಲ್ಲ. ಕೇಳದಿರುವುದೇ ನನಗೆ ಅನುಕೂಲವಾಗಿತ್ತು. ಮೂರು ದಿನ ಭಟ್ಟಿ ಆರಿಸಿ ಆಕೆ ನನ್ನೊಡನೆ ಮಾಳಿಗೆಯ ಮೇಲೆ ನಿಂತಳು. ಎರೆಮಣ್ಣನ್ನೆಲ್ಲ ಕೆರೆದು ಕೆಳಗೆ ಸುರಿದು, ಸವುಳು ಹರಡಿ, ನೀರು ಚಿಮುಕಿಸಿ, ಬಡಿಮಣೆ ನನ್ನ ಕೈಗೆ ಕೊಟ್ಟಳು. ನಾನು ಬಡಿದದ್ದು ಆಕೆಗೆ ಒಮ್ಮೆಯೂ ಸರಿಬರಲಿಲ್ಲ. "ಸಾಹೇಬ್ರ, ಬಡೀರಿ ಅಂದ್ರ ಸಿಟ್ಟಿಲೆ ಬಡೀಬ್ಯಾಡ್ರಿ. ಕೂಸಿನ ಬೆನ್ನು ತಟ್ಟಿದಂಗ ತಟ್ರಿ." ಕೈಯೆಲ್ಲ ಬೊಬ್ಬೆ. ಆ ಮೂರು ದಿನ ಆಕೆಯ ಬಾಯಿಗೆ ನಾನೆಷ್ಟು ಶಾಪ ಹಾಕಿದೆನೋ ಲೆಕ್ಕವಿಲ್ಲ.

ಮಾವನವರು ಬಂದರು. ಗಾಡಿಯಿಂದ ಹೆಂಡತಿಯನ್ನು ಇಳಿಯಗೊಡದೆ, ನೇರ ಏಣಿ ಹತ್ತಿ ಮಾಳಿಗೆಯ ಮೇಲೆ ಎರಡು ಕೊಡ ನೀರು ಸುರಿದರು. ಆಮೇಲೆ ಒಳಗೆ ಬಂದು ಕತ್ತು ಮೇಲೆತ್ತಿಕೊಂಡು ಅರ್ಧ ತಾಸು ಕೂತರು. ಒಂದು ಹನಿ ಬೀಳಲಿಲ್ಲ. "ಹ್ಞೂಂ, ಇಳಿಸ್ಕೋರಿ" ಎಂದರು. ಮಗಳನ್ನು ನನ್ನ ಕೈಗೆ ಕೊಟ್ಟಾಗ ಬೊಬ್ಬೆಯ ಉರಿಯೂ ಗೊತ್ತಾಗಲಿಲ್ಲ.

ಅದರ ಹಿಂದೆಯೇ ಎಂಟು ದಿನ ಬಿಡದೆ ಜಡಿಮಳೆ. ನಾವು ಬೆಚ್ಚಗೆ ಒಳಗಿದ್ದೆವು. ನಾನು ಮಗಳ ಬೆರಳು ಎಣಿಸುತ್ತ, ಮಾಳಿಗೆ ನೋಡಿ ಬೀಗುತ್ತ ಕಾಲ ಕಳೆದೆ. ಭಟ್ಟಿಯ ಹೊಗೆ ಬರುತ್ತಿಲ್ಲವೆಂಬುದು ಗಮನಕ್ಕೆ ಬಂದಿತ್ತು. ಸದ್ಯ, ಕೂಸಿನ ಕಣ್ಣಿಗೆ ಹೊಗೆ ತಾಗುವುದಿಲ್ಲ ಎಂದುಕೊಂಡೆ. ದೇವರಾಣೆ, ಹಾಗೇ ಅಂದುಕೊಂಡೆ.

ಮಳೆ ಹೊಳವಾದ ಮೇಲೆ ಬಡಿಮಣೆ ತಿರುಗಿ ಕೊಡಲು ಹೋದರೆ ಬಾಗಿಲಿಗೆ ಕೀಲಿ. ಎದುರುಮನೆಯ ಗಾಣದಾತ ಹೇಳಿದ: "ಆಕಿ ಮಾಳಿಗಿ ಪೂರಾ ಸೋರಿತ್ರಿ. ಮಂಡಾಳ ಚೀಲೆಲ್ಲಾ ತೊಯ್ದು ಮೆತ್ತಗಾದ್ವು, ಭಟ್ಟಿನೂ ಕುಸೀತು. ಹುಲಿಗಿ ಕಡೆ, ಕಟ್ಟಿ ಕೆಲಸದ ಕ್ಯಾಂಪಿಗೆ ಹೋಗ್ಯಾಳ. ನಿಮಗ ಹೇಳಲಿಲ್ಲೇನ್ರಿ?"

ನಾನು ಕೇಳಿರಲಿಲ್ಲ.

ಮುಂದಿನ ಶುಕ್ರವಾರ ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕ್ಯಾಂಪಿಗೆ ಹೋದೆ. ತಗಡಿನ ಮನೆಗಳ ಸಾಲುಸಾಲು. ಕೊನೆಗೆ ಒಂದು ತಗಡಿನ ಕೆಳಗೆ ಮೂರು ಕಲ್ಲು ಹೂಡಿ ಕೂಲಿಯವರಿಗೆ ಮಂಡಾಳು ಹುರಿಯುತ್ತ ಕೂತಿದ್ದಳು. ಮಣೆ ನೋಡಿ ನಕ್ಕಳು. "ಅದನ್ಯಾಕ ತಂದ್ರಿ? ಇಲ್ಲೆಲ್ಲಾ ತಗಡು. ಏನ ಬಡೀಲಿ? ಇಟ್ಕೋರಿ, ವರ್ಸಾ ಬೇಕಾಗತೈತಿ ನಿಮಗ. ಮಾಳಿಗಿ ಸೋರಿಲ್ಲಲ್ರಿ?"

"ಇಲ್ರಿ."

"ಕೂಸು?"

"ಛಲೋ ಐತ್ರಿ."

ವಾಪಸ್ ಬರ್ರಿ, ನಿಮ್ಮ ಮಾಳಿಗೆ ನಾನು ಮಾಡಿಕೊಡುತ್ತೇನೆ, ನನ್ನದು ತಪ್ಪಾಯಿತು... ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಕಚೇರಿಯಲ್ಲಿ ದಿನಕ್ಕೆ ಹತ್ತು ಅರ್ಜಿ ಬರೆಯುವವನಿಗೆ ಬಾಯಿಂದ ಒಂದು ಮಾತು ಹೊರಡಲಿಲ್ಲ. ಕೊಟ್ಟ ಮಂಡಾಳು ತಿಂದು ಎದ್ದು ಬಂದೆ. ಮರುವರ್ಷ ಬೇಸಿಗೆಯಲ್ಲಿ ಎರಡೂ ಮಾಳಿಗೆಗಳಿಗೆ ನಾನೇ ಸವುಳು ಹಾಕಿ, ಆಕೆ ಹೇಳಿದಂತೆ ತಟ್ಟಿ ತಟ್ಟಿ ಗಟ್ಟಿ ಮಾಡಿ, ಕರೆಯಲು ಹೋದೆ. ಆ ಸಾಲಿನ ತಗಡಿನ ಮನೆಗಳನ್ನೆಲ್ಲ ಕಿತ್ತು ಬೇರೆಲ್ಲಿಗೋ ಸಾಗಿಸಿದ್ದರು. ಆಕೆ ಎಲ್ಲಿ ಹೋದಳೆಂದು ಹೇಳುವವರು ಯಾರೂ ಸಿಗಲಿಲ್ಲ.

ಮೊನ್ನೆ ಕೆಲಸಗಾರ ಡಾಂಬರು ಹಚ್ಚಿ ಮುಗಿಸಿ, ಕಸದ ಜೊತೆ ಮಣೆಯನ್ನೂ ಎತ್ತಿಕೊಂಡ. "ಇದನ್ನ ಒಗದ್ಬಿಡ್ಲೇನ್ರಿ?"

"ಮುಟ್ಟಬ್ಯಾಡ. ಅದು ನಮ್ಮದಲ್ಲ, ಕೊಡೂದೈತಿ" ಎಂದು ಗದರಿದೆ.

"ಯಾರದ್ರಿ?"

"ಬಾಜೂ ಮನಿಯವರದು."

ಅವನು ತಾರಸಿಯ ಅಂಚಿನಿಂದ ಆ ಕಡೆ ಬಗ್ಗಿ ನೋಡಿದ. ಅಲ್ಲೀಗ ಮನೆಯಿಲ್ಲ, ಗೊಬ್ಬರದ ಅಂಗಡಿಯ ಗೋದಾಮಿದೆ. ತಿರುಗಿ ನನ್ನ ಮುಖ ನೋಡಿ, ಮಣೆಯನ್ನು ಕೆಳಗಿಟ್ಟ. ಅವನು ಮತ್ತೇನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.