ಟೀಚರಮ್ಮನ ಕಂಪ್ಯೂಟರಿನ ತೇಪೆ

ಕಂಪನಿಯವರೇ "ಇದಕ್ಕಿನ್ನು ಹೊಸದೇನೂ ಬರಲ್ಲ" ಅಂತ ಕೈಬಿಟ್ಟ ಕಂಪ್ಯೂಟರುಗಳನ್ನು ಅವನು ಕೈಬಿಡುತ್ತಿರಲಿಲ್ಲ. ಅದೇ ಅವನ ಕಸುಬು, ಅದೇ ಅವನ ಜಂಬ. ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯಲ್ಲಿ ಕೂತು ಹಳೇ ಮಿಷನ್ನಿಗೆ ಹೊಚ್ಚಹೊಸ ಸಿಸ್ಟಮ್ ತುಂಬುವುದು. ತುಂಬಿದ ಮೇಲೆ ಇನ್ನೊಂದು ಸಾಫ್ಟ್‌ವೇರ್ ಓಡಿಸಿ, ಹೊಸ ಸಿಸ್ಟಮ್ಮಿಗೆ ಗುರುತೇ ಸಿಗದ ಹಳೇ ಭಾಗಗಳಿಗೆಲ್ಲ ತೇಪೆ ಹಾಕುವುದು. ಆಮೇಲೆ ಸದ್ದು, ಚಿತ್ರ, ವೈಫೈ ಎಲ್ಲ ತೆಪ್ಪಗೆ ದಾರಿಗೆ ಬರುತ್ತಿದ್ದವು. ಬೀದಿಯವರು ಅವನನ್ನು ತೇಪೆ ಡಾಕ್ಟ್ರು ಅಂತಲೇ ಕರೆಯುತ್ತಿದ್ದರು. "ಮನೆ ನಲ್ಲಿ ಸೋರ್ತಿದೆ, ಅದಕ್ಕೂ ಒಂದು ತೇಪೆ ಹಾಕಿ ಡಾಕ್ಟ್ರೇ" ಅಂತ ಹೆಂಡತಿ ಕಾಲೆಳೆಯುತ್ತಿದ್ದಳು.

ಕೊನೆಗೊಂದು ಕೆಲಸ ಮರೆಯಬಾರದು. ಅಪ್‌ಡೇಟ್ ತಾನಾಗಿ ಬರದಂತೆ ನಿಲ್ಲಿಸಬೇಕು. ಬಂದರೆ ತೇಪೆಯೆಲ್ಲ ಕಿತ್ತುಹೋಗುತ್ತದೆ. ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು! ಆದರೆ ಗಂಟಲ ಆಪರೇಷನ್ ಆಗಿ ದನಿ ಹೋಗಿದ್ದ ಟೀಚರಮ್ಮನಿಗೆ ಕಂಪ್ಯೂಟರ್ ಒಪ್ಪಿಸುವಾಗ ನಾಲಿಗೆ ಸುಮ್ಮನಿರಬೇಕಲ್ಲ. ಅವರು ಟೈಪ್ ಮಾಡಿದ್ದನ್ನು ಆ ಕಂಪ್ಯೂಟರ್ ಗಟ್ಟಿಯಾಗಿ ಓದಿ ಹೇಳುತ್ತಿತ್ತು, ಫೋನಿನಲ್ಲಿ ಮಾತಾಡಬೇಕಾದರೂ ಅವರಿಗೆ ಅದೇ ಗತಿ. "ನೋಡಿ ಅಮ್ಮಾ, ಅಪ್‌ಡೇಟೂ ತಾನಾಗೇ ಬರುತ್ತೆ, ಥೇಟ್ ಹೊಸದರ ಹಾಗೆ!" ಅಂತ ಕೊಚ್ಚಿಕೊಂಡ. ಆ ಒಂದು ಮಾತು ಉಳಿಸಿಕೊಳ್ಳಲು ಅಪ್‌ಡೇಟ್ ನಿಲ್ಲಿಸದೆ ಹಾಗೇ ಬಿಟ್ಟು ಬಂದ. ಬುದ್ಧಿಗೆ ಏನು ಮಂಕು ಕವಿದಿತ್ತೋ!

ಒಂದು ಬೆಳಿಗ್ಗೆ ಟೀಚರಮ್ಮನ ಬಟನ್ ಫೋನಿನಿಂದ ಮೆಸೇಜ್ ಬಂತು. "ತಮ್ಮಾ, ಅಪ್‌ಡೇಟ್ ಆದಮೇಲೆ ಸದ್ದೇ ಇಲ್ಲ. ದೂರದ ಊರಲ್ಲಿ ಅಕ್ಕ ಆಸ್ಪತ್ರೆಯಲ್ಲಿದ್ದಾಳೆ, ಫೋನಲ್ಲಿ ಮಾತಾಡ್ಬೇಕು. ಕಣ್ಣು ಕಾಣಲ್ಲ ಅವಳಿಗೆ. ಬೇರೆಯವರ ಬಾಯಲ್ಲಿ ಹೇಳಿಸೋ ಮಾತಲ್ಲ. ಬೇಗ ಬನ್ನಿ."

ಅವನು ಮೆಸೇಜನ್ನು ಎರಡು ಸಲ ಓದಿದ. ಪಕ್ಕದ ಬೀದಿ, ತೇಪೆ ಮತ್ತೆ ಹಾಕಿದರೆ ಮುಗಿಯಿತು. ಆದರೆ ಯಾವ ಮುಖ ಹೊತ್ತುಕೊಂಡು ಹೋಗುವುದು? ಹೇಳಲು ಒಂದು ನೆಪ ಹೊಳೆಯಲಿ ಅಂತ, "ತುಂಬಾ ಕೆಲಸ ಅಮ್ಮಾ, ನಾಳೆ ಖಂಡಿತ ಬರ್ತೀನಿ" ಎಂದು ಕಳಿಸಿದ. ಆಮೇಲೆ ಗಿರಾಕಿಯೇ ಇಲ್ಲದ ಅಂಗಡಿಯಲ್ಲಿ ಕೀಬೋರ್ಡುಗಳ ಧೂಳು ಒರೆಸುತ್ತ ಕೂತ.

ಮರುದಿನ ಬಾಗಿಲು ತೆಗೆದ ಟೀಚರಮ್ಮನ ಕಣ್ಣುಗಳು ಊದಿಕೊಂಡಿದ್ದವು. ಅವರು ಮೇಜು ತೋರಿಸಿ ಪಕ್ಕಕ್ಕೆ ಸರಿದರು. ಅವನು ತಲೆ ಎತ್ತದೆ ತೇಪೆ ಹಾಕಿದ, ರೀಸ್ಟಾರ್ಟ್ ಮಾಡಿದ, ಅಪ್‌ಡೇಟನ್ನು ಈ ಸಲ ನಿಲ್ಲಿಸಿದ. ಸ್ಪೀಕರ್ ಸಣ್ಣಗೆ ಟಿಂಗ್ ಎಂದಿತು. ಯೋಚಿಸಿ ತಂದಿದ್ದ ನೆಪ ಬಿಟ್ಟು ನಿಜವನ್ನೇ ಹೇಳಿದ.

"ತಪ್ಪೆಲ್ಲ ನಂದೇ ಅಮ್ಮಾ. ಅವತ್ತು ಅಪ್‌ಡೇಟ್ ನಿಲ್ಲಿಸಬೇಕಿತ್ತು, ನಿಲ್ಲಿಸ್ಲಿಲ್ಲ. ನಿನ್ನೆ ನಂಗೆ ಕೆಲಸವೂ ಇರ್ಲಿಲ್ಲ. ಬೈದುಬಿಡಿ ನನ್ನ."

ಟೀಚರಮ್ಮ ಕೂತು ಟೈಪ್ ಮಾಡಿದರು, ಅಳಿಸಿದರು, ಮತ್ತೆ ಮಾಡಿದರು. ಕಂಪ್ಯೂಟರ್ ಓದತೊಡಗಿತು. ಸಿಟ್ಟಿಲ್ಲ, ಅಳುವಿಲ್ಲ, ಹವಾಮಾನ ವರದಿ ಓದಿದರೂ ಅದರದು ಅದೇ ದನಿ.

"ಅಕ್ಕ ನಿನ್ನೆ ಸಂಜೆ ಹೋದಳು. ಮಧ್ಯಾಹ್ನ ತಡೆಯೋಕಾಗದೆ, ದನಿ ಇಲ್ಲದಿದ್ರೂ ಅವಳಿಗೆ ಫೋನ್ ಮಾಡಿದ್ದೆ. 'ಏನಾದ್ರೂ ಹೇಳೇ, ಇನ್ನೂ ನನ್ನ ಮೇಲೆ ಕೋಪಾನಾ' ಅಂತ ಕೇಳ್ತಾನೇ ಇದ್ದಳು."