ನಾನು ಕಟ್ಟಿದ ಕಿತ್ತಳೆ ಗಾಳ

ದುಬೈನ ಕರಾಮಕ್ಕೆ ಮೆಟ್ರೊ ಇನ್ನೂ ಬಂದಿರದ ಕಾಲ ಅದು. ಬೇಸಿಗೆ ರಜೆಯಲ್ಲಿ ಕಟ್ಟಡದ ಅರ್ಧ ಮಕ್ಕಳು ಊರಿಗೆ ಹಾರಿಹೋದರೆ, ಉಳಿದವರು ಕಾರಿಡಾರಿನಲ್ಲಿ ಟೆನಿಸ್ ಚೆಂಡು ಒದೆಯುತ್ತ, ವಾಚ್‌ಮನ್ ಬೈದಾಗ ಮೆಟ್ಟಿಲ ಕೆಳಗೆ ಅಡಗುತ್ತ ದಿನ ತಳ್ಳುತ್ತಿದ್ದೆವು. ಆ ವರ್ಷ ಅಪ್ಪನಿಗೆ ರಜೆ ಸಿಗಲಿಲ್ಲ, ಮೈಸೂರಿನ ಅಜ್ಜಿಮನೆ ತಪ್ಪಿತು. ಹತ್ತು ವರ್ಷದ ನಾನು ಎದುರು ಫ್ಲಾಟಿನ ರೀಟಾ ಆಂಟಿಯ ಮನೆ ಸೇರಿಕೊಂಡೆ.

ರೀಟಾ ಆಂಟಿ ಮಂಗಳೂರಿನವರು. ಗಂಡನೊಂದಿಗೆ ಕೆನಡಾದಲ್ಲಿ ಬಹುಕಾಲ ಇದ್ದು, ಅವರು ತೀರಿಕೊಂಡ ಮೇಲೆ ಮಗನ ಬಳಿ ದುಬೈಗೆ ಬಂದಿದ್ದರು. ಊಟದ ಮೇಜಿಗೆ ಪುಟ್ಟ ಕಬ್ಬಿಣದ ಇಕ್ಕಳ ಬಿಗಿದು, ಅದರ ಬಾಯಿಗೆ ಮೀನಿನ ಗಾಳ ಸಿಕ್ಕಿಸಿ, ಗರಿ, ನೂಲು, ಜರಿ ಸುತ್ತುತ್ತ ಕೂರುತ್ತಿದ್ದರು. ಮುಗಿದಾಗ ಗಾಳ ಕಾಣದೆ, ಕಿತ್ತಳೆ ಬಣ್ಣದ ಸಿಗಡಿಯೊಂದು ಈಗಲೋ ಆಗಲೋ ಜಿಗಿಯುವಂತೆ ಕಾಣುತ್ತಿತ್ತು. ಅದಕ್ಕೆ ‘ಫ್ಲೈ’ ಎನ್ನುತ್ತಾರಂತೆ.

“ಯಾವ ಮೀನಿಗೆ ಆಂಟಿ ಇದು?”

“ಸ್ಟೀಲ್‌ಹೆಡ್ ಅಂತ. ಹೊಳೆಯಲ್ಲಿ ಹುಟ್ಟಿ ಸಮುದ್ರಕ್ಕೆ ಹೋಗ್ತದೆ, ದೊಡ್ಡದಾಗಿ ಪುನಃ ಹೊಳೆಗೇ ಬರ್ತದೆ. ಬೆಳ್ಳಿ ಹಾಗೆ ಉಂಟು. ಹಿಡಿಯುದು, ನೋಡುದು, ಬಿಡುದು.”

“ಇಲ್ಲಿ ಹೊಳೆಯೇ ಇಲ್ವಲ್ಲ?”

“ಕೈಗೆ ಕೆಲಸ ಬೇಕಲ್ಲ ಮಾರಾಯ್ತಿ. ಬಾ, ಕೂತ್ಕೊ.”

ಕೂತೆ. ಬಿಗಿಯಾಗಿ ಎಳೆದರೆ ನೂಲು ಕಡಿಯುತ್ತಿತ್ತು, ಸಡಿಲ ಬಿಟ್ಟರೆ ಗರಿ ತಿರುಗಿಕೊಳ್ಳುತ್ತಿತ್ತು. ಬೆರಳಿಗೆ ಚುಚ್ಚಿಸಿಕೊಂಡು ಬಾಯಲ್ಲಿಟ್ಟುಕೊಳ್ಳುತ್ತಿದ್ದೆ. ಆಸೆಗೆ ಗರಿಯ ಮೇಲೆ ಗರಿ ಸುತ್ತಿದರೆ ಆಂಟಿ ಬ್ಲೇಡು ಕೈಗಿಡುತ್ತಿದ್ದರು. “ಗಾಳದ ಕಣ್ಣೇ ಮುಚ್ಚಿಹೋಯ್ತು. ಇನ್ನು ದಾರ ಎಲ್ಲಿಗೆ ಹಾಕುದು? ಬಿಚ್ಚು. ಪುನಃ ಮಾಡು.” ಆ ಮನೆಯಲ್ಲಿ ನುಸಿಗುಳಿಗೆಯ ವಾಸನೆ, ಗಂಟಿಗೆ ಹಚ್ಚುವ ವಾರ್ನಿಷಿನ ಘಾಟು, ಅಡುಗೆಮನೆಯಿಂದ ನೀರುದೋಸೆಯ ಹಬೆ. ರಜೆ ಅರ್ಧ ಕಳೆಯುವ ಹೊತ್ತಿಗೆ ನನ್ನದೊಂದು ಗಾಳವನ್ನು ಬೆಳಕಿಗೆ ಹಿಡಿದು ಆಂಟಿ, “ಇದಕ್ಕೆ ಮೀನು ಬೀಳ್ತದೆ,” ಎಂದರು. ನಾನು ಕಾರಿಡಾರಿನ ಉದ್ದಕ್ಕೂ ಓಡಿದೆ.

ಮನೆಯಲ್ಲಿ ಅಪ್ಪ ಸಿಡುಕಿದರು. “ನಾವೇನು ಮೀನು ಮುಟ್ಟೋರಾ? ಆ ಕೋಳಿ ಪುಕ್ಕ ಒಳಗೆ ತರ್ಬೇಡ.” ಅಂದಿನಿಂದ ನನ್ನ ಗಾಳಗಳ ಡಬ್ಬಿ ಹೊರಗಿನ ಚಪ್ಪಲಿ ಗೂಡಿನಲ್ಲೇ ಉಳಿಯಿತು.

ಒಂದು ಶುಕ್ರವಾರ ಅಪ್ಪ ತಮ್ಮ ಆಫೀಸಿನ ಮುಖ್ಯಸ್ಥರನ್ನು ಊಟಕ್ಕೆ ಕರೆದರು. ಅವರು ಕೆನಡಾದವರು, ರಜೆಯಲ್ಲಿ ಸ್ಟೀಲ್‌ಹೆಡ್ ಹಿಡಿಯಲು ಹೊರಟಿದ್ದರು. ಹದಿನೈದರ ನನ್ನಣ್ಣ ಕಿರಣನಿಗೆ ಅದೇ ಆಫೀಸಿನಲ್ಲಿ ಬೇಸಿಗೆ ತರಬೇತಿ ಆಗಬೇಕಿತ್ತು. ಕೋಳಿ ಪುಕ್ಕ ಒಳಗೆ ಬರಬಾರದೆಂದ ಅಪ್ಪ ತಾವೇ ಹೋಗಿ ಡಬ್ಬಿ ತಂದು ಬಿಸಿಬೇಳೆಬಾತಿನ ಪಕ್ಕ ಇಟ್ಟರು. “ನನ್ನ ಮಗ ಕಟ್ಟಿದ್ದು,” ಎಂದರು ಇಂಗ್ಲಿಷಿನಲ್ಲಿ.

“ಅಲ್ಲ, ನಾನು ಕಟ್ಟಿದ್ದು,” ಎಂದೆ, ಇಂಗ್ಲಿಷಿನಲ್ಲೇ.

ಅಪ್ಪ ನಕ್ಕರು. “ಅಣ್ಣನಿಗೆ ನೂಲು ಕತ್ತರಿಸಿ ಕೊಡ್ತಾಳೆ.”

ಕಿರಣನನ್ನು ನೋಡಿದೆ. ರೀಟಾ ಆಂಟಿಯ ಹೊಸ್ತಿಲು ಒಮ್ಮೆಯೂ ತುಳಿಯದವನು ತಲೆಯೆತ್ತದೆ ಅನ್ನ ಕಲಸುತ್ತಿದ್ದ. ಅಮ್ಮ ಅತಿಥಿಗೆ ತುಪ್ಪ ಬಡಿಸಿದರು. ಆ ಮನುಷ್ಯ ನನ್ನ ಕೆನ್ನೆ ತಟ್ಟಿ, ಕಿರಣನ ಕೈ ಕುಲುಕಿ, ಡಬ್ಬಿ ಒಯ್ದರು.

ಕೆಲವು ವಾರಗಳಲ್ಲಿ ಫೋಟೊ ಬಂತು. ಅವರ ಕೈಯಲ್ಲಿ ಬೆಳ್ಳಿಯಂಥ ಮೀನು, ಅದರ ಬಾಯಂಚಿನಲ್ಲಿ ನನ್ನ ಕಿತ್ತಳೆ ಗಾಳ. ಕೆಳಗೆ ಕಿರಣನಿಗೆ ಧನ್ಯವಾದ. ಅಪ್ಪ ಅದನ್ನು ಫ್ರಿಜ್ಜಿಗೆ ಅಂಟಿಸಿದರು. ನಾನು ಕಿತ್ತು ಹರಿದು ಚೂರು ಮಾಡಿದೆ.

“ಅಣ್ಣನ ಹತ್ರ ಸಾರಿ ಕೇಳು.”

ಕೇಳಲಿಲ್ಲ. ಅಪ್ಪ ಹೊಡೆದರು. ಆಗಲೂ ಕೇಳಲಿಲ್ಲ.

ಗಲಾಟೆಗೆ ರೀಟಾ ಆಂಟಿ ಬಂದು ಬಾಗಿಲು ಬಡಿದರು. ನಾನು ಬಿಕ್ಕುತ್ತ ಹೇಳಿದ್ದನ್ನೆಲ್ಲ ಕೇಳಿ ಅಪ್ಪನತ್ತ ತಿರುಗಿದರು. “ನನ್ನ ಮನೆಯಲ್ಲಿ ಮೇಜು ಎಲ್ಲಿ ಉಂಟು ಅಂತ ನಿಮ್ಮ ಮಗ ಹೇಳ್ಲಿ ನೋಡುವ.”

“ಇದು ನಮ್ಮನೆ ವಿಷಯ ಮೇಡಂ. ಖಲಾಸ್.” ಅಪ್ಪ ಬಾಗಿಲು ಹಾಕಿದರು. ಅಂದಿನಿಂದ ಆ ಮನೆಗೆ ನಾನು ಹೋಗುವಂತಿರಲಿಲ್ಲ. ಕಿರಣ ಟೈ ಕಟ್ಟಿಕೊಂಡು ತರಬೇತಿಗೆ ಹೋದ. ಚಳಿಗಾಲ ಬರುವಷ್ಟರಲ್ಲಿ ಆಂಟಿಯ ಮಗನಿಗೆ ಬೇರೆ ದೇಶದಲ್ಲಿ ಕೆಲಸವಾಯಿತು. ನಾನು ಶಾಲೆಯಿಂದ ಬಂದಾಗ ಅವರ ಬಾಗಿಲಿಗೆ ಬೀಗವಿತ್ತು.

ಮೊನ್ನೆ ಅಬುಧಾಬಿಯ ಖಾಲಿದಿಯಾದಲ್ಲಿ, ಕಿರಣನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಅಪ್ಪ ಮೊಮ್ಮಗಳಿಗೆ ಕಥೆ ಹೇಳುತ್ತಿದ್ದರು: ನಿನ್ನಪ್ಪ ಚಿಕ್ಕವನಿದ್ದಾಗ ಗಾಳ ಕಟ್ಟಿದ್ದ, ಅದಕ್ಕೆ ಕೆನಡಾದಲ್ಲಿ ಮೀನು ಬಿದ್ದಿತ್ತು.

“ನಾನು ಕಟ್ಟಿದ್ದು,” ಎಂದೆ.

“ಅಯ್ಯೋ, ಇನ್ನೂ ಅದನ್ನೇ ಹಿಡ್ಕೊಂಡಿದ್ದೀಯಾ?” ಎಂದರು ಅಪ್ಪ.

“ಬಿಡೇ, ಮಕ್ಕಳ ಮುಂದೆ ಯಾಕೆ,” ಎಂದ ಕಿರಣ. ಆಗಲೂ ‘ಹೌದು, ಅವಳೇ’ ಎನ್ನಲಿಲ್ಲ.

ಅವನ ಮಗಳು ಮಾತ್ರ ನನ್ನ ಹತ್ತಿರ ಸರಿದಳು. “ರಿಯಲಿ ಅತ್ತೆ? ಕ್ಯಾನ್ ಯು ಟೀಚ್ ಮಿ?”

ಮೊದಲು ಬಾಲದ ಗರಿಯೋ, ಜರಿಯೋ? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಆ ಬೇಸಿಗೆಯ ನಂತರ ನಾನು ಗಾಳ ಮುಟ್ಟಿಲ್ಲ. ರೀಟಾ ಆಂಟಿ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ, ಕೇಳಲು ಯಾರೂ ಇಲ್ಲ. ಕೈಗೆ ಬಂದಿದ್ದ ವಿದ್ಯೆ ಹೋಗಿದೆ, ಸಿಟ್ಟು ಮಾತ್ರ ಹೋಗಿಲ್ಲ.

“ಈಗ ಬರಲ್ಲ ಪುಟ್ಟಿ,” ಎಂದೆ. ಆಮೇಲೆ ಅಪ್ಪನಿಗೂ ಕೇಳುವಂತೆ ದನಿಯೆತ್ತಿ ಹೇಳಿದೆ, “ಬರ್ತಿತ್ತು.”