ಚರ್ಚಿನ ಬಾಗಿಲಲ್ಲಿ ಬಿಟ್ಟ ಬೂಟು

೧೯೭೧ನೆಯ ಜನವರಿ ೧೬, ಶನಿವಾರ, ಬೆಳಿಗ್ಗೆ ಹತ್ತೂವರೆ ಗಂಟೆ. ಅಂದಿನ ದಿನಚರಿ ಹೀಗೆ ಶುರುವಾಗುತ್ತದೆ. ಅಲ್ಲಿಯವರೆಗೆ ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ಹೇಳುವವರು ಯಾವುದೋ ಒಂದು ವಿವರವನ್ನು ಬಿಟ್ಟಿದ್ದಾರೆ ಎಂದುಕೊಳ್ಳುತ್ತಿದ್ದೆ. ಹಾಗಾಗಿ ಈಗ ನನ್ನ ಸರದಿ ಬಂದಾಗ ಏನನ್ನೂ ಬಿಡದೆ ಬರೆಯಲು ಪ್ರಯತ್ನಿಸುತ್ತೇನೆ.

ಆಗ ನಾನು ಜರ್ಮನಿಯ ಆಖೆನ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಮೈಸೂರಿನ ಪ್ರಭಾಕರನಿದ್ದ. ಇಬ್ಬರೂ ಬಂದು ನಾಲ್ಕು ತಿಂಗಳಾಗಿತ್ತು. ಊರಿನ ಹಳೆಯ ಪೇಟೆಯನ್ನು ಮಾತ್ರ ಇನ್ನೂ ನೋಡಿರಲಿಲ್ಲ. ಅಂದು ಹಿಮ ಬಿದ್ದು ನಿಂತಿದ್ದರಿಂದ ನಡೆದೇ ಹೊರಟೆವು. ಪ್ರಭಾಕರನಿಗೆ ಎದ್ದಾಗಿನಿಂದ ಹೊಟ್ಟೆನೋವು. ಪುರಭವನದ ಚೌಕ ದಾಟುವಷ್ಟರಲ್ಲಿ ಅವನ ಮುಖ ಬಿಳಿಚಿಕೊಂಡಿತ್ತು. ವಾಪಸು ಹೋಗೋಣ ಎಂದೆ.

“ನೀನು ಮಾಡಿದ ಉಪ್ಪಿಟ್ಟು ತಿಂದ್ಮೇಲೆ ಇಷ್ಟೂ ಆಗ್ದಿದ್ರೆ ಹೆಂಗೆ ಗುರು? ನಡಿ, ಸರಿಹೋಗುತ್ತೆ,” ಎಂದ.

ಒಂದು ಇಕ್ಕಟ್ಟಾದ ಓಣಿಯಲ್ಲಿ ಪುಟ್ಟ ಹಳೆಯ ಚರ್ಚು ಸಿಕ್ಕಿತು. ಒಳಗೆ ಯಾರೋ ಆರ್ಗನ್ ಅಭ್ಯಾಸ ಮಾಡುತ್ತಿದ್ದರು. ಬಾಗಿಲ ಮುಂದೆ ಸೂರಿನ ಕೆಳಗೆ ಒಣಗಿದ್ದ ಕಲ್ಲಿನ ಮೇಲೆ ನಾನು ಯೋಚಿಸದೆಯೇ ಬೂಟು ಬಿಚ್ಚಿಟ್ಟೆ. ಎಡಗಾಲಿನ ಲೇಸು ಹರಿದು, ಅದರ ಬದಲು ಕೆಂಪು ದಾರ ಪೋಣಿಸಿಕೊಂಡಿದ್ದೆ.

“ಇದೇನ್ ನಂಜನಗೂಡಾ? ಹಾಕ್ಕೊಳೋ. ನೆಗಡಿ ಆದ್ರೆ ಕಷಾಯ ಮಾಡ್ಕೊಡೋಕೆ ನಿಮ್ಮಮ್ಮ ಇಲ್ಲಿಗೆ ಬರಲ್ಲ,” ಎಂದ ಪ್ರಭಾಕರ.

“ಅಭ್ಯಾಸ ಕಣೋ. ಐದೇ ನಿಮಿಷ.”

ಅವನು ಮೆಟ್ಟಿಲ ಮೇಲೆ ಕುಳಿತ. ನಾನು ಒಳಗೆ ಹೋದೆ. ಸಂಗೀತ ಕೇಳುತ್ತ ಐದು ನಿಮಿಷ ಹೋಗಿ ಎಷ್ಟೋ ಹೊತ್ತಾಯಿತು.

ಹೊರಗೆ ಬಂದಾಗ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಬೂಟುಗಳು ಇಟ್ಟಲ್ಲೇ ಇದ್ದವು. ಅವಸರದಲ್ಲಿ ಕಾಲು ತೂರಿಸಿದೆ. ಒಳಗೆ ಬೆಚ್ಚಗಿತ್ತು. ಯಾರೋ ಆಗಷ್ಟೇ ಕಳಚಿಟ್ಟ ಹಾಗೆ. ಒಣಗಿದ್ದ ಕಲ್ಲಿನ ಮೇಲೆ, ಬೂಟಿಗೆ ಹೊಸದಾಗಿ ಅಂಟಿದ್ದ ಹಿಮ ಕರಗಿ ನೀರಾಗಿತ್ತು. ಅದನ್ನು ಯೋಚಿಸುತ್ತ ನಿಲ್ಲಲು ಆಗ ನನಗೆ ಪುರುಸೊತ್ತಿರಲಿಲ್ಲ.

ಓಣಿ ಮುಂದೆ ಮೂರಾಗಿ ಒಡೆದಿತ್ತು. ಶನಿವಾರದ ಜನ ತುಳಿದು ಹಿಮದಲ್ಲಿ ಯಾರ ಹೆಜ್ಜೆಯೂ ಉಳಿದಿರಲಿಲ್ಲ. ಒಂದರಲ್ಲಿ ಓಡಿದೆ, ಸುತ್ತಿ ಮತ್ತೆ ಚರ್ಚಿನ ಮುಂದಕ್ಕೇ ಬಂದೆ. ಇನ್ನೊಂದು ಯಾರದೋ ಹಿತ್ತಲ ಗೋಡೆಗೆ ಹೋಗಿ ನಿಂತಿತು. ಅವನ ಹೆಸರು ಹಿಡಿದು ಕೂಗಿದರೆ ಹೋಗುವವರೆಲ್ಲ ತಿರುಗಿ ನೋಡುತ್ತಿದ್ದರು, ಅವನೊಬ್ಬ ಓಗೊಡಲಿಲ್ಲ. ಆ ಚಳಿಯಲ್ಲಿ ಎಲ್ಲಾದರೂ ಒಂದು ಮೂಲೆಯಲ್ಲಿ ಬಿದ್ದಿದ್ದರೆ ಎಂದುಕೊಂಡು ಮತ್ತೆ ಓಡಿದೆ. ಕೊನೆಗೆ ಮೂರನೆಯ ಓಣಿಯ ತುದಿಯಲ್ಲಿ ಚೆಸ್ಟ್‌ನಟ್ ಹುರಿದು ಮಾರುತ್ತಿದ್ದ ಮುದುಕಿಯನ್ನು ಕೇಳಿದೆ. ನಿಮ್ಮ ಹಾಗೆಯೇ ಕಂದು ಬಣ್ಣದ ಹುಡುಗ, ಹೊಟ್ಟೆ ಹಿಡಿದು ಬಗ್ಗಿಕೊಂಡು ಹೋದ, ಆಸ್ಪತ್ರೆಯ ಕಡೆಗೆ, ಎಂದಳು. ಜೊತೆಯಲ್ಲಿ ಯಾರಿದ್ದರು ಎಂದೆ. ಒಬ್ಬನೇ ಎಂದಳು.

ಅವಳು ತೋರಿಸಿದ ದಾರಿ ಹಿಡಿದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವನನ್ನು ಶಸ್ತ್ರಚಿಕಿತ್ಸೆಗೆ ಒಯ್ದಿದ್ದರು. ಅಪೆಂಡಿಕ್ಸು. ಇನ್ನೂ ತಡವಾಗಿದ್ದರೆ ಒಡೆದುಬಿಡುತ್ತಿತ್ತು ಎಂದು ಡಾಕ್ಟರು ಹೇಳಿದರು.

ಮೂರನೆಯ ದಿನ ಅವನು ಸರಿಯಾಗಿ ಮಾತಾಡಿದ. ಮೊದಲು ನನ್ನನ್ನು ಬೈದ.

“ನಿಂಗೆ ಕಿವಿ ಕೇಳಲ್ವೇನೋ? ಒಂದ್ಸಲ ತಿರುಗಿ ನೋಡಿದ್ರೆ ನಿನ್ ಗಂಟೇನ್ ಹೋಗ್ತಿತ್ತು?”

“ಯಾವಾಗ?”

“ಚರ್ಚಿಂದ ಇಲ್ಲೀವರೆಗೂ. ನಂಗೆ ತಲೆ ಎತ್ತೋಕ್ಕೇ ಆಗ್ತಿರ್ಲಿಲ್ಲ. ನಿನ್ ಬೂಟು, ಆ ಕೆಂಪು ದಾರ, ಅಷ್ಟೇ ನೋಡ್ಕೊಂಡು ಹಿಂದೆ ಬಂದೆ. ನಾನು ನಿಂತ್ರೆ ನೀನೂ ನಿಲ್ತಿದ್ದೆ. ಕರೆದ್ರೆ ಮಾತಿಲ್ಲ. ಈ ಬಾಗಿಲ ಹತ್ರ ಬಿಟ್ಟು ಎಲ್ಲಿ ಹೋದೆ ಮಗಾ?”

ನಾನು ಚರ್ಚಿನೊಳಗೇ ಇದ್ದೆನೆಂದು ಹೇಳಿದೆ. “ಜ್ವರ ನಂಗಾ, ನಿಂಗಾ?” ಎಂದು ನಕ್ಕ. ನಾನು ನಗಲಿಲ್ಲ. ಅವನು ಇನ್ನೊಮ್ಮೆ ಕೇಳಿದ. ನಾನು ಅದನ್ನೇ ಇನ್ನೊಮ್ಮೆ ಹೇಳಿದೆ. ಆಮೇಲೆ ಅವನು ಕಂಬಳಿಯನ್ನು ಗಂಟಲವರೆಗೆ ಎಳೆದುಕೊಂಡು ಗೋಡೆಯ ಕಡೆ ಹೊರಳಿದ.

ನೋವಿನಲ್ಲಿ ಕಂಡ ಭ್ರಮೆ ಎನ್ನೋಣವೆಂದರೆ, ಆ ಆಸ್ಪತ್ರೆ ಎಲ್ಲಿದೆಯೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಯಾರೋ ದಾರಿಹೋಕರು ನನ್ನ ಬೂಟು ಹಾಕಿಕೊಂಡು ಅವನಿಗೆ ದಾರಿ ತೋರಿಸಿದರು ಎಂದರೆ, ಆ ಮುದುಕಿ ಅವರನ್ನು ಏಕೆ ಕಾಣಲಿಲ್ಲ? ಎಷ್ಟು ವಿಧದಲ್ಲಿ ಜೋಡಿಸಿದರೂ ಒಂದು ತುಂಡು ಹೊರಗೇ ಉಳಿಯುತ್ತದೆ.

ಪ್ರಭಾಕರ ಈಗ ಜರ್ಮನಿಯಲ್ಲೇ, ಸಿಂಡೆಲ್‌ಫಿಂಗೆನ್‌ ಎಂಬ ಊರಿನಲ್ಲಿ ಎಂಜಿನಿಯರ್. ಒಬ್ಬಳು ಮಗಳಿದ್ದಾಳೆ. ಅಂದು ಆಸ್ಪತ್ರೆಯವರೆಗೆ ಬಂದಿದ್ದು ನೀನೇ, ನಿನಗೇ ಮರೆತುಹೋಗಿದೆ ಎಂದು ಅವನು ಇಂದಿಗೂ ಸಾಧಿಸುತ್ತಾನೆ.

ಅಂದು ಆಖೆನ್‌ನಲ್ಲಿ ಇದ್ದವರು, ಇದರ ಬಗ್ಗೆ ಏನಾದರೂ ಬಲ್ಲವರು ಇದನ್ನು ಓದುತ್ತಿದ್ದರೆ ಈ ಪತ್ರಿಕೆಯ ಮೂಲಕ ನನಗೊಂದು ಸಾಲು ಬರೆಯಿರಿ. ನನ್ನ ಬೂಟು ಹಾಕಿಕೊಂಡು ಹೋದವರು ನೀವೇ ಆಗಿದ್ದರೆ ಅದಕ್ಕೆ ನನ್ನ ತಕರಾರಿಲ್ಲ. ನಿಮ್ಮ ಹಿಂದೆ ಬಂದವನು ಬದುಕಿದ್ದಾನೆ. ಅಷ್ಟು ನಿಮಗೆ ತಿಳಿಯಬೇಕು.